ಗಿರ್ದಾವರ್ ಸಾಹೇಬರ ಕರಿ ನಾಲ್ಕು

ಏಳು ವರ್ಷ ನಾನು ಒಬ್ಬ ಮನುಷ್ಯನನ್ನು ಬಾಯಿಗೆ ಬಂದಂತೆ ಬೈದುಕೊಂಡು ತಿರುಗಿದೆ. ನಾರಾಯಣಪೇಟೆಯ ಚಹಾದಂಗಡಿಯಲ್ಲಿ ಬೈದೆ, ಮಕ್ತಲ್ ಬಸ್‌ಸ್ಟ್ಯಾಂಡಿನಲ್ಲಿ ಬೈದೆ, ಗದ್ವಾಲಿನ ಮದುವೆ ಮಂಟಪಗಳಲ್ಲಿ ಸೌಂಡ್ ಬಾಕ್ಸ್ ಜೋಡಿಸುತ್ತ ಬೈದೆ. ಕೇಳಿದವರು "ಹೋಗ್ಲಿ ಬಿಡಪಾ, ಹಿರೇರು" ಅಂದರೂ ಬಿಡಲಿಲ್ಲ. ಅವರು ಸತ್ತ ಸುದ್ದಿ ಬಂದಾಗ ಕೊನೆಯ ಸಲ ಮುಖ ನೋಡಲಿಕ್ಕೂ ಹೋಗಲಿಲ್ಲ. ನಾರಾಯಣಪೇಟೆಯಿಂದ ಮಕ್ತಲ್ ಏನು ಮಹಾ ದೂರ? ಮದುವೆ ಮನೆಯ ಕೆಲಸ ಇದೆ ಅಂತ ನೆವ ಹೇಳಿ ಉಳಿದುಬಿಟ್ಟೆ. ಈಗ ಬರೆಯಲು ಕೂತರೆ ನನಗೆ ನನ್ನ ಮೇಲೇ ಅಸಹ್ಯವಾಗುತ್ತದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬಾರದು. ಯಾಕೆ ಅನ್ನುವುದು ಓದುತ್ತ ಹೋದಂತೆ ನಿಮಗೇ ಗೊತ್ತಾಗುತ್ತದೆ.

ನಾವೆಲ್ಲ ಅವರನ್ನು ಗಿರ್ದಾವರ್ ಸಾಹೇಬರು ಅಂತಲೇ ಕರೆಯುತ್ತಿದ್ದದ್ದು. ಗಿರ್ದಾವರ್ ಅಂದರೆ ನಿಜಾಮನ ಕಾಲದಿಂದ ಬಂದ ಹೆಸರು, ಹೊಲ ಅಳೆಯುವ, ಬದು ತೋರಿಸುವ ಕಂದಾಯ ಇಲಾಖೆಯ ಕೆಲಸ. ಸರ್ಕಾರ ಆ ಹುದ್ದೆಯ ಹೆಸರು ಬದಲಿಸಿ ಎಷ್ಟೋ ವರ್ಷ ಆಯಿತು, ಜನ ಬದಲಿಸಲಿಲ್ಲ. ಮಕ್ತಲದ ವೈಷ್ಣವ ಮನೆತನ, ತಂದೆ ಪಟವಾರಿ, ಬೀಗಸ್ತನ ಎಲ್ಲ ರಾಯಚೂರು ಮಂತ್ರಾಲಯದ ಕಡೆ. ಮದುವೆಯಾಗಲಿಲ್ಲ. ಗದ್ವಾಲಿಗೆ ಕೊಟ್ಟಿದ್ದ ಅಕ್ಕ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು. ಆಮೇಲೆ ಅಕ್ಕ ತಮ್ಮ ಇಬ್ಬರೇ ಆ ಮನೆಯಲ್ಲಿ. ಅಕ್ಕ ದಾಸರ ಪದ ಹಾಡುತ್ತಿದ್ದರು, ತಮ್ಮ ಹಾರ್ಮೋನಿಯಂ ನುಡಿಸುತ್ತಿದ್ದರು, ನಾನು ತಬಲಾ ಬಾರಿಸುತ್ತಿದ್ದೆ.

ನಾನು ಆ ಮನೆಗೆ ಹೇಗೆ ಹೊಕ್ಕೆ ಅಂದರೆ, ಅದೊಂದು ತಮಾಷೆ. ನಮ್ಮದು ಕುರುಬರ ಮನೆ, ಬೀರಪ್ಪನ ಡೊಳ್ಳು ಬಾರಿಸುವವರು. ಸಾಹೇಬರು ನಮ್ಮ ಹೊಲ ಅಳೆಯಲು ಬಂದಿದ್ದರು. ನಾನು ಗುಡಿಯ ಕಟ್ಟೆಯ ಮೇಲೆ ಡೊಳ್ಳು ಬಾರಿಸುತ್ತ ಕೂತಿದ್ದೆ. ಅಳತೆಯ ಸರಪಳಿ ಹಿಡಿದವನನ್ನು ಅಲ್ಲೇ ನಿಲ್ಲಿಸಿ ನನ್ನ ಹತ್ತಿರ ಬಂದರು.

"ಲೇ ತಮ್ಮಾ, ಬೆರಳು ಚಲೋ ಅದಾವಲ್ಲೋ. ತಬಲಾ ಕಲೀತೀಯೇನು?"

"ತಬಲಾ ಯಾಕ್ರಿ? ಡೊಳ್ಳು ಐತಲ್ರಿ."

"ಡೊಳ್ಳು ಬಿಡು ಅಂದೆನೇನು ನಾ? ಅದನ್ನೂ ಬಾರಿಸು, ಇದನ್ನೂ ಬಾರಿಸು."

ಹೀಗೆ ಒಂಬತ್ತು ವರ್ಷ ಅವರ ಪಡಸಾಲೆಯಲ್ಲಿ ಕೂತೆ. ಅವರ ಮನೆಯಲ್ಲಿ ಮಡಿ ಮೈಲಿಗೆ ಬಹಳ. ನನಗೆ ಬೇರೆ ಲೋಟ ಇಡಬಹುದೆಂದು ಮೊದಲ ದಿನ ಕಾದೆ. ಇಡಲಿಲ್ಲ. ಬೈಯುವುದರಲ್ಲಂತೂ ಭೇದವೇ ಇರಲಿಲ್ಲ. ಶ್ರುತಿ ಕೂಡಿಸುವಾಗ ತಬಲಾದ ಪಕ್ಕದ ಮರದ ಗಟ್ಟಿ ಮೇಲೆ ಸುತ್ತಿಗೆ ಏಟು ಒಂದು ಹೆಚ್ಚಾಯಿತೋ, ಅವರ ಕೈಯಲ್ಲಿದ್ದ ಪೆನ್ನು ನನ್ನ ಮೊಣಕೈಗೆ ಬೀಳುತ್ತಿತ್ತು.

"ಶ್ರುತಿ ಅಂದ್ರ ಹೊಲದ ಬದು ಇದ್ದಂಗೋ. ಒಂದು ಬಟ್ಟು ಸರದ್ರ ಜಗಳ."

ಈ ಮಾತನ್ನು ಅವರು ನನಗೆ ಸಾವಿರ ಸಲ ಹೇಳಿರಬೇಕು. ಹೇಳಿದಂತೆಯೇ ಇದ್ದರು ಕೂಡ. ಇಟಿಕ್ಯಾಲದ ಕಡೆ ಅವರ ಸ್ವಂತ ಸೋದರಮಾವನ ಹೊಲದ ಬದು ಎರಡು ಮೊಳ ಪಕ್ಕದವರೊಳಗೆ ಹೋಗಿತ್ತು. ಸಾಹೇಬರು ಸರಪಳಿ ಹಾಕಿ, ಮಾವ ನೋಡುತ್ತಿದ್ದಂತೆಯೇ ಕಲ್ಲು ಕಿತ್ತು ಹಿಂದೆ ಹುಗಿಸಿದರು. ಮಾವ ಸಾಯುವವರೆಗೂ ಅವರ ಜೊತೆ ಮಾತಾಡಲಿಲ್ಲ. "ಮಾತಾಡದಿದ್ರ ಬಿಡ್ಲಿ, ಕಲ್ಲು ಅಲ್ಲೇ ಐತಿ" ಅಂತ ಇವರು ಊಟ ಮಾಡುತ್ತ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಅಕ್ಕಾವ್ರ ಶ್ರುತಿ ಕರಿ ನಾಲ್ಕು. ಹಾರ್ಮೋನಿಯಮ್ಮಿನ ಕರಿ ಮಣೆಗಳಲ್ಲಿ ನಾಲ್ಕನೆಯದು. ಹೆಣ್ಣುಮಕ್ಕಳ ಕಂಠಕ್ಕೂ ಅದು ಕಡಿಮೆ ಎತ್ತರವಲ್ಲ. ಎಂಟು ವರ್ಷದವರಿದ್ದಾಗ ಅವರ ತಂದೆ ಬೆರಳು ಹಿಡಿದು ಆ ಮಣೆಯ ಮೇಲಿಟ್ಟು "ಇದು ನಿನ್ನ ಮನಿ" ಅಂದಿದ್ದರಂತೆ. ಅಂದಿನಿಂದ ಅಕ್ಕಾವ್ರು ಆ ಮನೆ ಬಿಟ್ಟು ಹೊರಗೆ ಕಾಲಿಟ್ಟಿಲ್ಲ. ಹಾಡಲು ಕೂತರೆ ಮೊದಲು "ಕರಿ ನಾಕು ಹಿಡಿ" ಅನ್ನುವರು, ಬಗ್ಗಿ ತಮ್ಮನ ಬೆರಳು ಎಲ್ಲಿದೆ ಅಂತ ನೋಡುವರು, ನೋಡಿದ ಮೇಲೆಯೇ ಬಾಯಿ ತೆರೆಯುವರು. ಗದ್ವಾಲಿನ ಒಂದು ಮಠದ ಆರಾಧನೆಯಲ್ಲಿ ಪ್ರತಿ ವರ್ಷ ಅವರದೇ ಹಾಡು. ಆ ಪದಗಳ ಮೇಲಿನ ಷಡ್ಜಕ್ಕೆ ಅವರು ಏರಿದರೆ ಊಟದ ಪಂಕ್ತಿಯಲ್ಲಿ ಕೂತವರೂ ತಲೆ ಎತ್ತುತ್ತಿದ್ದರು.

ಒಮ್ಮೆ ನಾನೇ, ಬಾಯಿ ಸುಮ್ಮನಿರದೆ, ಕೇಳಿದ್ದೆ. "ಅಕ್ಕಾರ, ವಯಸ್ಸಾದ ಮ್ಯಾಲೆ ಶ್ರುತಿ ಇಳಿಸಬೇಕಾಗತೈತಲ್ರಿ, ಆವಾಗ?"

ಅಕ್ಕಾವ್ರು ನನ್ನನ್ನು ದುರುಗುಟ್ಟಿ ನೋಡಿದರು. "ಕರಿ ನಾಕು ಬಿಟ್ಟು ಹಾಡೋ ಹೊತ್ತು ಬಂದ್ರ ನಾ ಬಾಯಿ ಮುಚಗೊಂಡು ಕೂಡತೀನಿ. ಇಳಿಸಿ ಹಾಡಿ ಯಾರಿಗೆ ಕೇಳಿಸಬೇಕಾಗೈತಿ?"

ಸಾಹೇಬರು ಆಗ ತಲೆ ತಗ್ಗಿಸಿ ಹಾರ್ಮೋನಿಯಮ್ಮಿನ ಧೂಳು ಒರೆಸುತ್ತಿದ್ದರು.

ಆಮೇಲೆ ಅಕ್ಕಾವ್ರ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ರಾಯಚೂರಿಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿದರು. ಆರು ತಿಂಗಳು ಹಾಡು ಬಂದ್. ಡಾಕ್ಟರು ಏನು ಹೇಳಿದರೆಂದು ಸಾಹೇಬರನ್ನು ಕೇಳಿದರೆ "ಏನಿಲ್ಲ, ಆರಾಮಾಗತಾಳ" ಅನ್ನುವರು. ಅದೇ ಆರು ತಿಂಗಳಲ್ಲಿ ಸಾಹೇಬರಿಗೆ ನಿವೃತ್ತಿಯೂ ಆಯಿತು. ಕಣ್ಣು ಕೆಂಪಗೆ ಮಾಡಿಕೊಂಡು ಫೋನಿನಲ್ಲಿ ಅದೇನೋ ತೆಲುಗು ವಿಡಿಯೋ ನೋಡುತ್ತ ಕೂತಿರುತ್ತಿದ್ದರು. ನಾನು ಹೋದರೆ ಫೋನನ್ನು ಅಂಗಿಯ ಜೇಬಿಗೆ ಹಾಕಿಬಿಡುವರು. ವಯಸ್ಸಾದ ಕಾಲಕ್ಕೆ ಇವರಿಗೇನು ಚಟ ಹತ್ತಿತಪ್ಪಾ ಅಂದುಕೊಂಡಿದ್ದೆ.

ಒಂದು ಸೋಮವಾರ ಬೆಳಿಗ್ಗೆ ಹೋದಾಗ ಪಡಸಾಲೆಯಲ್ಲಿ ಹಾರ್ಮೋನಿಯಂ ಇರಲಿಲ್ಲ. ಅದು ಅವರ ತಂದೆಯ ಕಾಲದ್ದು, ದಸರೆಗೆ ಅದಕ್ಕೆ ಗಂಧ ಹಚ್ಚುತ್ತಿದ್ದರು. "ಇಲಿ ಹೊಕ್ಕು ತಿದಿ ಕಡದಾವ" ಅಂದರು. ಅದರ ಜಾಗದಲ್ಲಿ ಒಂದು ಕರಿ ಪ್ಲಾಸ್ಟಿಕ್ಕಿನ ಪೆಟ್ಟಿಗೆ. ಪಿಯಾನೋ ಮಣೆಗಳು, ಪಕ್ಕಕ್ಕೆ ರಬ್ಬರಿನ ಎಂಟು ಚೌಕ ಪ್ಯಾಡು, ಮೇಲೆ ತಿರುಗಿಸುವ ಗುಂಡಿಗಳ ಸಾಲು. ನಾನು ಒಂದು ಮಣೆ ಒತ್ತಿದೆ. ಸದ್ದಿಲ್ಲ. ಇನ್ನೊಂದು ಒತ್ತಿದೆ. ಊಹೂಂ.

"ಇದೇನ್ರಿ ಸಾಹೇಬ್ರ, ಮೂಕ ಪೆಟ್ಟಿಗಿ ತಂದೀರಿ?"

"ದನಿ ಇದರಾಗ ಇಲ್ಲ. ದನಿ ಲ್ಯಾಪ್‌ಟಾಪಿನ್ಯಾಗ ಐತಿ. ಇದು ಬರೇ ಹೇಳತೈತಿ, ಯಾವ ಮಣಿ ಒತ್ತಿದಿ, ಎಷ್ಟು ಜೋರು ಒತ್ತಿದಿ ಅಂತ. ಏನು ಕೇಳಿಸಬೇಕು ಅನ್ನೋದು ನಾವು ಹೇಳಿಕೊಟ್ಟಂಗ."

ಮಿಡಿ ಕೀಬೋರ್ಡ್ ಅಂತ ಅದರ ಹೆಸರು. ವಯರು ಸಿಕ್ಕಿಸಿ ತೋರಿಸಿದರು. ಹಾರ್ಮೋನಿಯಮ್ಮಿನ ದನಿ ಬಂತು, ತಂಬೂರಿ ಬಂತು. ಯಾವ ಗುಂಡಿಗೆ ಯಾವ ಕೆಲಸ ಹಚ್ಚಬೇಕು ಅನ್ನುವುದನ್ನು ತಾವೇ ಕಲಿತು, ತಾವೇ ಹಚ್ಚಿದ್ದರು. ಒಂದು ಗುಂಡಿ ತಿರುಗಿಸಿದರೆ ತಂಬೂರಿ ಮೆಲ್ಲಗಾಗುವುದು, ಇನ್ನೊಂದಕ್ಕೆ ಗುಂಗು ಹೆಚ್ಚುವುದು. ಅದನ್ನೆಲ್ಲ ಪಹಣಿಯ ಹಾಗೆ ಕಾಲಂ ಎಳೆದು ಬರೆದಿಟ್ಟಿದ್ದರು: ಗುಂಡಿ ನಂಬರು, ಕೆಲಸ, ಷರಾ. ನಗು ಬಂತು ನನಗೆ. ಪ್ಯಾಡುಗಳ ಮೇಲೆ ಹೆಣ್ಣುಮಕ್ಕಳು ಹಣೆಗೆ ಇಡುವ ಬಣ್ಣ ಬಣ್ಣದ ಟಿಕಳಿ ತಂದು ಅಂಟಿಸಿದ್ದರು, ಗುರುತಿಗೆ. ಒಂದು ಸಣ್ಣ ಬಟನ್ನಿನ ಮೇಲೆ ಮಾತ್ರ ಟಿಕಳಿ ಇರಲಿಲ್ಲ. ಕರಿ ಟೇಪು ಸುತ್ತಿದ್ದರು.

"ಅದ್ಯಾಕ್ರಿ ಟೇಪು?"

"ಕೆಟ್ಟೈತಿ. ಮುಟ್ಟಬ್ಯಾಡ."

ಆಮೇಲೆ ಕೆಂಪು ಟಿಕಳಿಯ ಪ್ಯಾಡು ಬೆರಳಿನಿಂದ ತಟ್ಟಿದರು. 'ತಾ' ಅಂತು. ಹಸಿರು ತಟ್ಟಿದರು, 'ಧಿನ್'.

"ನಾಳಿಂದ ತಬಲಾ ಬ್ಯಾಡ" ಅಂದರು. ನನ್ನ ಮುಖ ನೋಡಲಿಲ್ಲ. "ಪೆಟ್ಟಿಗ್ಯಾಗ ಐತಿ ತಬಲಾ."

ಒಂಬತ್ತು ವರ್ಷ! ಒಂಬತ್ತು ವರ್ಷಕ್ಕೆ ಎರಡು ಮಾತು. ನಾನು ಜಗಳವಾಡಿದೆ, ಕೂಗಾಡಿದೆ, ಕೈ ಮುಗಿದೆ. ಕಲ್ಲಿನ ಹಾಗೆ ಕೂತಿದ್ದರು. ಒಳಗಿನಿಂದ ಅಕ್ಕಾವ್ರು ಬಂದು "ಯಾಕೋ, ಅವನ ತಬಲಾ ಏನು ಮಾಡೈತಿ ನಿನಗ?" ಅಂದರೂ ತಲೆ ಎತ್ತದೆ ವಯರು ಸುತ್ತತೊಡಗಿದರು. ನಾನು ತಬಲಾ ಜೋಡಿಯನ್ನು ಬಗಲಲ್ಲಿ ಇಟ್ಟುಕೊಂಡು ಹೊರಬಿದ್ದೆ. ಬಾಗಿಲ ತನಕ ಬಂದರು ಪುಣ್ಯಾತ್ಮ. ಏನೋ ಹೇಳಲು ಬಾಯಿ ತೆರೆದರು. "ಬಿಸಲು ಭಾಳ ಐತಿ, ತಲಿಗೆ ವಸ್ತ್ರ ಹಾಕ್ಕೋ" ಅಂದರು. ಅದನ್ನು ಕೇಳಿ ನನಗೆ ಇನ್ನೂ ಸಿಟ್ಟು ಬಂತು.

ಆ ಸಿಟ್ಟಿನಲ್ಲೇ ನಾನು ಕೀಬೋರ್ಡು ಕಲಿತೆ ನೋಡಿ. ನನ್ನ ತಬಲಾ ತಿಂದ ದೆವ್ವ ಎಂಥದು ನೋಡೇಬಿಡೋಣ ಅಂತ. ಇವತ್ತು ಈ ಮೂರು ಊರುಗಳಲ್ಲಿ ಮದುವೆ, ಮೆರವಣಿಗೆಗೆ ಸೌಂಡು ಹಾಕುವುದು, ಕೀಬೋರ್ಡು ನುಡಿಸುವುದು ನನ್ನ ಕಸುಬು. ಆದರೆ ಅವರ ಮನೆಯ ಹೊಸ್ತಿಲು ಮಾತ್ರ ತುಳಿಯಲಿಲ್ಲ, ಅಕ್ಕಾವ್ರ ಹಾಡು ಇದ್ದ ಕಡೆ ಹಾಯಲಿಲ್ಲ. ಜನರೇ ಬಂದು ಹೇಳುವರು: ಆಪರೇಷನ್ ಆದರೂ ಅಕ್ಕಾವ್ರ ದನಿ ಕರಿ ನಾಲ್ಕರಿಂದ ಕದಲಿಲ್ಲ, ಏನು ಕಂಠವಪ್ಪಾ ಅದು, ರಾಯರ ಪವಾಡ. ಸಾಹೇಬರ ಹುಚ್ಚಿನ ಬಗೆಗೂ ಹೇಳುವರು. ಆ ಪೆಟ್ಟಿಗೆಯನ್ನು ಮಡಿ ಧೋತ್ರದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಾರಂತೆ. ಬೇರೆ ಯಾರೂ ಮುಟ್ಟುವಂತಿಲ್ಲವಂತೆ. ಬೇರೆ ಶ್ರುತಿ ಪೆಟ್ಟಿಗೆ, ತಬಲಾ, ಮೃದಂಗ ಯಾವುದೂ ವೇದಿಕೆಯ ಮೇಲೆ ಇರಕೂಡದಂತೆ. "ಪ್ಲಾಸ್ಟಿಕ್ಕಿಗೂ ಮಡಿ ಮಾಡತಾರೋ" ಅಂತ ನಾನು ಎಲ್ಲರನ್ನೂ ನಗಿಸಿದೆ.

ಹೋದ ವರ್ಷ ಒಂದು ಬೆಳಿಗ್ಗೆ ಹಾಲು ತರಲು ಹೋದ ಸಾಹೇಬರು ದಾರಿಯಲ್ಲೇ ಕುಸಿದರು. ಅಷ್ಟೇ. ಮೂರು ತಿಂಗಳಾದ ಮೇಲೆ ಅಕ್ಕಾವ್ರ ಫೋನು.

"ತಮ್ಮಾ, ಗದ್ವಾಲದಾಗ ಆರಾಧನಿ ಬಂತು. ಹಾಡಬೇಕು ನಾ. ಅವನ ಪೆಟ್ಟಿಗಿ ಐತಿ, ಹಿಡಿಯೋರಿಲ್ಲ. ಬರ್ತೀಯೇನಪಾ?"

ಏಳು ವರ್ಷದ ಸಿಟ್ಟಿದ್ದರೂ ಆ ದನಿಗೆ ಇಲ್ಲ ಅನ್ನಲಾಗಲಿಲ್ಲ. ಆರಾಧನೆಯ ದಿನ ಮಕ್ತಲಿಗೆ ಹೋಗಿ ಅವರನ್ನು ಕರೆದುಕೊಂಡೆ. ಬಸ್ಸು ಜೂರಾಲ ಅಣೆಕಟ್ಟು ದಾಟಿ ಧರೂರಿನ ಭತ್ತದ ಗದ್ದೆಗಳ ನಡುವೆ ಹೋಗುವಾಗ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು, ಅದೇ ಧೋತ್ರದಲ್ಲಿ. ಅಕ್ಕಾವ್ರು ತಮ್ಮ ಹಾಡಿನ ನೋಟುಬುಕ್ಕು ಮಡಿಲಲ್ಲಿಟ್ಟುಕೊಂಡಿದ್ದರು. ಪದ ಎಲ್ಲ ಕನ್ನಡದವು, ಅಕ್ಷರ ಮಾತ್ರ ತೆಲುಗು. ಮನೆಯ ಮಾತು ಕನ್ನಡವಾದರೂ ನಮ್ಮದು ಗಡಿಯಾಚೆಯ ತೆಲುಗು ಸೀಮೆ, ಸಾಲೆಯಲ್ಲಿ ಕಲಿಸಿದ್ದು ತೆಲುಗು, ಅಕ್ಕಾವ್ರಿಗೆ ಕನ್ನಡ ಅಕ್ಷರ ಓದಲು ಬರುವುದಿಲ್ಲ. ನಾನು ನಾಲ್ಕು ವರ್ಷ ರಾಯಚೂರಿನ ಸೋದರತ್ತೆಯ ಮನೆಯಲ್ಲಿದ್ದು ಕಲಿತವನು.

ಮಠದ ಪ್ರಾಂಗಣದಲ್ಲಿ ಎಲ್ಲ ಜೋಡಿಸಿದೆ. ಅಕ್ಕಾವ್ರು ಒಳಗೆ ದರ್ಶನಕ್ಕೆ ಹೋಗಿದ್ದರು. ಕೆಂಪು ಟಿಕಳಿ ತಟ್ಟಿ ನೋಡಿದೆ. ಥೂ, ತಬಲಾ ಸಡಿಲ! ಕರಿ ನಾಲ್ಕಕ್ಕೆ ಎಲ್ಲಿ ಕೂಡಬೇಕು ಅದು? ಎಷ್ಟು ಕೆಳಗೆ ಹೋಗಿದೆ! ನನ್ನನ್ನು ಓಡಿಸಿ ಇಂಥ ತಬಲಾ ಹಾಕಿಕೊಂಡು ಏಳು ವರ್ಷ ಮೆರೆದರಲ್ಲ ಅಂತ ಒಳಗೊಳಗೇ ಹಿಗ್ಗಿದೆ. ಆಮೇಲೆ ಆ ಕರಿ ಟೇಪು ಕಣ್ಣಿಗೆ ಬಿತ್ತು. ಈಗ ನನಗೆ ಕೀಬೋರ್ಡಿನ ಒಳ ಹೊರಗು ಗೊತ್ತಲ್ಲ, ಆ ಜಾಗದಲ್ಲಿ ಯಾವ ಬಟನ್ ಇರುತ್ತದೆ ಅನ್ನುವುದೂ ಗೊತ್ತು. ಉಗುರಿನಿಂದ ಟೇಪು ಬಿಡಿಸಿದೆ.

ಕೆಟ್ಟಿರಲಿಲ್ಲ. ಕೆಳಗೆ ಸಣ್ಣ ದೀಪ ಉರಿಯುತ್ತಿತ್ತು. ಟ್ರಾನ್ಸ್‌ಪೋಸ್ ಬಟನ್. ಶ್ರುತಿಯನ್ನು ಏರಿಸುವ ಇಳಿಸುವ ಬಟನ್. ಒತ್ತಿದರೆ ಪುಟ್ಟ ಪರದೆಯ ಮೇಲೆ ಮೈನಸ್ ನಾಲ್ಕು ಅಂತ ಬಂತು. ಅಂದರೆ ನೀವು ಬೆರಳು ಕರಿ ನಾಲ್ಕರ ಮೇಲಿಟ್ಟರೂ ಕೇಳುವುದು ಅದಕ್ಕಿಂತ ನಾಲ್ಕು ಮೆಟ್ಟಿಲು ಕೆಳಗಿನ ದನಿ, ಬಿಳಿ ಮೂರು.

ನಾನು ನಕ್ಕೆ. ಹೌದು, ನಕ್ಕೆ. ಜೋರಾಗಿಯೇ ನಕ್ಕೆ. ಶ್ರುತಿ ಅಂದರೆ ಹೊಲದ ಬದು ಅಂತ ನನ್ನ ಮೊಣಕೈ ಕೆಂಪಾಗುವಂತೆ ಹೊಡೆದ ಮನುಷ್ಯ, ಬಟನ್ ತಪ್ಪಿ ಒತ್ತಿಕೊಂಡು ಅದು ತಿಳಿಯದೆಯೇ ಇಷ್ಟು ವರ್ಷ ತಪ್ಪು ಶ್ರುತಿ ನುಡಿಸಿದ್ದಾನೆ! ನನ್ನ ಸೇಡು ತೀರಿತು ಅನ್ನಿಸಿತು. ಹೊರಗೆ ಹೋಗಿ ಮೂರೂ ಊರಿಗೆ ಇದನ್ನು ಹೇಳಬೇಕು ಅನ್ನಿಸಿತು. ಬಟನ್ ಒತ್ತಿ ಸೊನ್ನೆಗೆ ತಂದೆ, ತಂಬೂರಿ ತಬಲಾವನ್ನೂ ಅದಕ್ಕೇ ಕೂಡಿಸಿದೆ. ದೀಪ ಆರಿತು. ಈಗ ನೋಡು ಕರಿ ನಾಲ್ಕು ಅಂದರೆ ಕರಿ ನಾಲ್ಕು ಅಂತ ನನಗೆ ನಾನೇ ಹೇಳಿಕೊಂಡೆ.

ಅಕ್ಕಾವ್ರು ಬಂದು ಕೂತರು. "ಕರಿ ನಾಕು ಹಿಡಿ" ಅಂದರು. ಹಿಡಿದೆ. ಬಗ್ಗಿ ನನ್ನ ಬೆರಳು ನೋಡಿದರು. ತಲೆಯಾಡಿಸಿ ಶುರು ಮಾಡಿದರು.

ಮೊದಲ ಸಾಲಿಗೇ ಅವರ ಹುಬ್ಬು ಗಂಟಿಕ್ಕಿತು. ಎರಡನೇ ಸಾಲಿಗೆ ಕುತ್ತಿಗೆಯ ನರ ಎದ್ದವು. ಪದ ಮೇಲಿನ ಷಡ್ಜಕ್ಕೆ ಹೋಗುವ ಕಡೆ ಕಣ್ಣು ಮುಚ್ಚಿ ದನಿ ಎತ್ತಿದರು, ದನಿ ಹೋಗಲಿಲ್ಲ. ಒಡೆದು ಹೋಯಿತು. ಬರೀ ಗಾಳಿ ಬಂತು. ಮತ್ತೆ ಎತ್ತಿದರು. ಕೆಮ್ಮು ಬಂತು. ಮೂರನೇ ಸಲ ಎತ್ತಿದಾಗ ಬಂದದ್ದು ಹಾಡಲ್ಲ, ಯಾರೋ ಕತ್ತು ಹಿಸುಕಿದಂಥ ಸದ್ದು. ಅಯ್ಯೋ ದೇವರೇ! ಮುಂದೆ ಕೂತ ಹೆಂಗಸರು ತಾಳ ನಿಲ್ಲಿಸಿದರು. ಪಂಕ್ತಿಯಲ್ಲಿದ್ದವರು ಈಗಲೂ ತಲೆ ಎತ್ತಿ ನೋಡಿದರು. ಅರ್ಚಕರು ಓಡಿ ಬಂದು ತೆಲುಗಿನಲ್ಲಿ "ಏಮಯಿಂದಮ್ಮಾ, ನೀಳ್ಳು ಕಾವಾಲಾ?" ಅಂತ ನೀರು ಬೇಕೇ ಎಂದು ಕೇಳಿದರು.

ಅಕ್ಕಾವ್ರು ನೀರು ಕುಡಿಯಲಿಲ್ಲ. ನೋಟುಬುಕ್ಕು ಮುಚ್ಚಿದರು. ಅದರ ಮೇಲೆ ಎರಡೂ ಕೈಯಿಟ್ಟು ಕೂತರು. ನನ್ನ ಬೆರಳು ಇನ್ನೂ ಕರಿ ನಾಲ್ಕರ ಮೇಲಿತ್ತು, ತೆಗೆಯಲು ಬರಲಿಲ್ಲ. ಮೈನಸ್ ನಾಲ್ಕು ತಪ್ಪಿ ಒತ್ತಿದ್ದಲ್ಲ ಅನ್ನುವುದು ಆ ಕ್ಷಣಕ್ಕೆ ನನ್ನ ತಲೆಗೆ ಹೊಕ್ಕಿತು. ಆದರೆ ಅಷ್ಟು ಜನರ ಎದುರು ಬಟನ್ ಒತ್ತಿ ಮತ್ತೆ ಹಾಡ್ರಿ ಅನ್ನಲು ನನಗೆ ಧೈರ್ಯವೂ ಇರಲಿಲ್ಲ, ಬುದ್ಧಿಯೂ ಇರಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಅಕ್ಕಾವ್ರು ಒಂದೇ ಮಾತಾಡಿದ್ದು. "ಅವ ಹೋಗತ ನನ್ನ ದನೀನೂ ಒಯ್ದ. ಮುಗೀತಪಾ. ಇನ್ನ ಹಾಡೂದಿಲ್ಲ ನಾ."

ಪೆಟ್ಟಿಗೆ ರಿಪೇರಿ ನೋಡುತ್ತೇನೆ ಅಂತ ಸುಳ್ಳು ಹೇಳಿ, ಲ್ಯಾಪ್‌ಟಾಪನ್ನೂ ತೆಗೆದುಕೊಂಡು ನಾರಾಯಣಪೇಟೆಗೆ ಬಂದೆ. ಮರುದಿನ ಅಂಗಡಿ ಬಾಗಿಲು ಹಾಕಿಕೊಂಡು ತೆರೆದು ನೋಡಿದೆ. ಈ ಕೀಬೋರ್ಡುಗಳಲ್ಲಿ ನಾವು ಮಾಡಿಕೊಂಡ ಜೋಡಣೆಯನ್ನು ಹೆಸರು ಕೊಟ್ಟು ಉಳಿಸಿಕೊಳ್ಳಬಹುದು, ಎಂಟು ಜಾಗ ಇರುತ್ತವೆ. ಸಾಹೇಬರು ಎಂಟೂ ತುಂಬಿಸಿದ್ದರು. ಅಕ್ಕ ಒಂದು, ಅಕ್ಕ ಎರಡು, ಅಕ್ಕ ಮೂರು, ಹೀಗೇ ಅಕ್ಕ ಎಂಟರವರೆಗೆ. ಒಂದರಲ್ಲಿ ಶ್ರುತಿ ಒಂದು ಮೆಟ್ಟಿಲು ಕೆಳಗೆ. ಎರಡರಲ್ಲಿ ಎರಡು ಮೆಟ್ಟಿಲು. ಪ್ರತಿಯೊಂದಕ್ಕೂ ತಂಬೂರಿ ಬೇರೆ, ತಬಲಾ ಬೇರೆ, ಆಯಾ ಶ್ರುತಿಗೆ ಕೂದಲೆಳೆ ತಪ್ಪದಂತೆ ಕೂಡಿಸಿದ್ದು. ನಾನು ಸಡಿಲ ಅಂದಿದ್ದೆನಲ್ಲ, ಅದು ಮೈನಸ್ ನಾಲ್ಕಕ್ಕೆ ಸರಿಯಾಗಿ ನಿಂತ ತಬಲಾ. ಲ್ಯಾಪ್‌ಟಾಪಿನಲ್ಲಿ ಮೊದಲನೆಯದರ ತಾರೀಖು ನೋಡಿದೆ. ನನ್ನನ್ನು ಬಿಡಿಸಿದ ಸೋಮವಾರದ ಹಿಂದಿನ ದಿನ, ಭಾನುವಾರ. ಎರಡು, ಮೂರು, ನಾಲ್ಕು ಒಂದೆರಡು ವರ್ಷದ ಅಂತರದಲ್ಲಿ ಬಂದಿದ್ದವು. ಐದರಿಂದ ಎಂಟು, ನಾಲ್ಕನ್ನೂ ಒಂದೇ ದಿನ ಮಾಡಿದ್ದರು, ಸಾಯುವ ತಿಂಗಳು. ಎದೆನೋವು ಮೊದಲೇ ಶುರುವಾಗಿತ್ತೋ ಏನೋ. ಅಕ್ಕನ ದನಿ ಮುಂದೆ ಎಲ್ಲೆಲ್ಲಿಗೆ ಇಳಿಯಬಹುದೋ ಅಲ್ಲಿಗೆಲ್ಲ ಮೊದಲೇ ಹೋಗಿ ಮನೆ ಕಟ್ಟಿಟ್ಟು ಬಂದಿದ್ದರು ಆ ಮನುಷ್ಯ.

ಸೋದರಮಾವನಿಗಾಗಿಯೂ ಬದು ಸರಿಸದವರು, ಅಕ್ಕನಿಗಾಗಿ ನಾಲ್ಕು ಬದು ಸರಿಸಿದ್ದರು. ಅದೂ ಆಕೆಯ ಕಣ್ಣೆದುರೇ, ಬೆರಳು ಕರಿ ನಾಲ್ಕರ ಮೇಲಿಟ್ಟುಕೊಂಡೇ.

ನನ್ನ ತಬಲಾ ಯಾಕೆ ಹೋಯಿತು ಅನ್ನುವುದೂ ಆಗಲೇ ತಿಳಿಯಿತು. ನನ್ನದು ಸಣ್ಣ ಬಾಯಿಯ ದಾಯಾಂ, ಅಂದರೆ ಬಲಗೈ ತಬಲಾ, ಕರಿ ನಾಲ್ಕಕ್ಕೆಂದೇ ತರಿಸಿದ್ದು. ಕೆಳಗಿನ ಶ್ರುತಿಗೆ ಅದು ಇಳಿಯುವುದೇ ಇಲ್ಲ. ನಾನು ಅಲ್ಲಿ ಕೂತಿದ್ದರೆ ಮೊದಲ ಸುತ್ತಿಗೆ ಏಟಿಗೇ "ಸಾಹೇಬ್ರ, ನಿಮ್ಮ ಪೆಟ್ಟಿಗಿ ತಪ್ಪೈತ್ರಿ" ಅಂತ ಕೂಗುತ್ತಿದ್ದೆ. ಹೌದು, ನನಗೊಬ್ಬನಿಗೆ ಗುಟ್ಟು ಹೇಳಬಹುದಿತ್ತು, ದೊಡ್ಡ ಬಾಯಿಯ ತಬಲಾ ತರಿಸಬಹುದಿತ್ತು. ಆದರೆ ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಅನ್ನುವುದು ಮಕ್ತಲಿನ ಬೀದಿ ನಾಯಿಗೂ ಗೊತ್ತು. ಸಾಹೇಬರಿಗೆ ಗೊತ್ತಿರಲಿಲ್ಲವೇ? ಊರೆಲ್ಲ ಬೈದುಕೊಂಡು ತಿರುಗಿ ನಾನೇ ಅದನ್ನು ಸಾಬೀತು ಮಾಡಿದೆ.

ಮುಂದಿನ ವಾರ ಪೆಟ್ಟಿಗೆ ತೆಗೆದುಕೊಂಡು ಮಕ್ತಲಿಗೆ ಹೋದೆ. ಅಕ್ಕಾವ್ರು ಅಡುಗೆಮನೆಯ ಬಾಗಿಲಲ್ಲಿ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದರು. ಒಂದು ವಾರಕ್ಕೆ ಹತ್ತು ವರ್ಷ ಮುದುಕಿಯಾಗಿದ್ದರು. ಜಗಲಿಯ ಮೂಲೆಯಲ್ಲಿ ಹಳೆಯ ಹಾರ್ಮೋನಿಯಂ ಗೋಣಿಯಲ್ಲಿ ಸುತ್ತಿಟ್ಟದ್ದು ಕಂಡಿತು. ಯಾಕೋ ಬಿಚ್ಚಿ ನೋಡಿದೆ. ಇಲಿ ಕಡಿದರೆ ಚೂರು ಚೂರಾಗಿರಬೇಕು. ತಿದಿಯ ಚರ್ಮ ಮೇಲಿನಿಂದ ಕೆಳಗೆ ಒಂದೇ ಗೆರೆಯಲ್ಲಿ ಸೀಳಿತ್ತು. ಬ್ಲೇಡಿನ ಗೆರೆ. ಗಂಧ ಹಚ್ಚುತ್ತಿದ್ದ ತಂದೆಯ ಪೆಟ್ಟಿಗೆಯನ್ನು ಅವರೇ ಕೊಯ್ದಿದ್ದರು, ಮನೆಯಲ್ಲಿ ನಿಜವಾದ ಕರಿ ನಾಲ್ಕು ಇರಬಾರದು ಅಂತ. ನಾನು ಗೋಣಿಯನ್ನು ಹಾಗೇ ಸುತ್ತಿ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟೆ. ಅಳು ಬಂತು. ಅಕ್ಕಾವ್ರಿಗೆ ಕಾಣದಂತೆ ಅತ್ತೆ.

"ಏನು ಮಾಡಾಕತ್ತೀಯೋ ಅಲ್ಲಿ?"

"ಪೆಟ್ಟಿಗಿ ರಿಪೇರಿ ಆತ್ರಿ ಅಕ್ಕಾರ. ಒಂದು ಸಲ ಕೇಳ್ರಿ."

"ಬ್ಯಾಡ. ಸುಮ್ನ ಮನಿಗೆ ಹೋಗು."

ನಾನು ಹೋಗಲಿಲ್ಲ. ಪಡಸಾಲೆಯಲ್ಲಿ ವಯರು ಸಿಕ್ಕಿಸಿದೆ. ಅಕ್ಕ ನಾಲ್ಕು ತೆಗೆಯಬೇಕೆಂದು ಹೋದ ಕೈ ಅಲ್ಲೇ ನಿಂತಿತು. ಮೂರು ತಿಂಗಳಿಂದ ಅಭ್ಯಾಸವಿಲ್ಲ, ಅದರ ಮೇಲೆ ಗದ್ವಾಲಿನ ಆ ಪೆಟ್ಟು. ಇವತ್ತು ಇನ್ನೊಂದು ಸಲ ಒಡೆದರೆ ಅಕ್ಕಾವ್ರು ಇನ್ನೆಂದೂ ಬಾಯಿ ತೆರೆಯುವುದಿಲ್ಲ. ಅಕ್ಕ ಐದು ಒತ್ತಿದೆ. ಹೊಸ ಕರಿ ಟೇಪು ತಂದಿದ್ದೆ. ದೀಪದ ಮೇಲೆ ಅಂಟಿಸಿದೆ. ಕರಿ ನಾಲ್ಕರ ಮೇಲೆ ಬೆರಳಿಟ್ಟು, ಬೇರೇನೂ ನುಡಿಸದೆ, ಅದೊಂದೇ ಸ್ವರ ಹಿಡಿದು ಕೂತೆ. ತಂಬೂರಿ ಮೆಲ್ಲಗೆ ನಡೆಯುತ್ತಿತ್ತು.

ಎಷ್ಟೋ ಹೊತ್ತು ಮೊರದ ಸದ್ದೊಂದೇ ಕೇಳುತ್ತಿತ್ತು. ಆಮೇಲೆ ಅದು ನಿಂತಿತು. ಅಡುಗೆಮನೆಯ ಕಡೆಯಿಂದ, ಬಾಯಿ ಮುಚ್ಚಿಕೊಂಡೇ, ಒಂದು ಗುನುಗು. ಅದು ಷಡ್ಜಕ್ಕೆ ಬಂದು ಕೂತಿತು, ಅಲ್ಲಾಡಲಿಲ್ಲ. ಅಕ್ಕಾವ್ರು ಎದ್ದು ಬಂದರು. ಕೈಗಂಟಿದ ಅಕ್ಕಿಯ ಧೂಳು ಸೆರಗಿಗೆ ಒರೆಸುತ್ತ ನನ್ನ ಪಕ್ಕ ಕೂತು, ಬಗ್ಗಿ ಬೆರಳು ನೋಡಿದರು.

"ಕರಿ ನಾಕು ಹೌದಲ್ಲೋ?"

ಆಕೆ ಎಪ್ಪತ್ತು ದಾಟಿದ ತಾಯಿ. ದೇವರ ಪದ ಹಾಡುವವರು. ಅವರ ಮುಖ ನೋಡಿಕೊಂಡು ಹೇಳಬೇಕು.

"ಹೌದ್ರಿ ಅಕ್ಕಾರ. ಕರಿ ನಾಕು."

ಅದೇ ಪದ ಎತ್ತಿಕೊಂಡರು. ಮೇಲಿನ ಷಡ್ಜದ ಜಾಗ ಬಂತು. ದನಿ ಏರಿತು, ಏರಿ ನಿಂತಿತು. ಹಳೆಯ ಎತ್ತರವಲ್ಲ, ನನಗೆ ಗೊತ್ತು. ಆದರೆ ಅಗಲ ಹೆಚ್ಚಾಗಿತ್ತು, ಇಷ್ಟು ತುಂಬಿದ ದನಿ ಆಕೆಯ ಬಾಯಲ್ಲಿ ನಾನು ಆ ಒಂಬತ್ತು ವರ್ಷದಲ್ಲೂ ಕೇಳಿರಲಿಲ್ಲ. ಪದ ಮುಗಿದ ಮೇಲೆ ಅವರ ಮುಖದ ಮೇಲೆ ಬಣ್ಣ ಬಂದಿತ್ತು. ತಿರುಗಿದವರೇ ನನ್ನ ಮೊಣಕೈಗೆ ಫಟ್ಟನೆ ಒಂದು ಹೊಡೆದರು.

"ಆವತ್ತು ಗದ್ವಾಲದಾಗ ತಪ್ಪು ಹಿಡಿದಿದ್ದಿ ನೀ! ನನ್ನ ದನಿ ಹೋತು ಅಂತ ಒಂದು ವಾರ ಕಣ್ಣೀರು ಹಾಕೀನಿ. ಅವ ಇದ್ದಿದ್ರ ನಿನ್ನ ಬೆರಳು ಮುರೀತಿದ್ದ. ಶ್ರುತಿ ತಪ್ಪಾಕ ಹೆಂಗ ಮನಸ್ಸು ಬಂತೋ?"

ಜೀವಮಾನದಲ್ಲಿ ಒಂದೇ ಒಂದು ಸಲ ಆಕೆಗೆ ಸರಿಯಾದ ಶ್ರುತಿ ಹಿಡಿದವನು ನಾನು. "ತಪ್ಪಾತ್ರಿ ಅಕ್ಕಾರ. ನಂದಽ ತಪ್ಪು" ಅಂದೆ.

ಈ ಮಾತನ್ನು ನಾನು ಯಾರಿಗೂ ಹೇಳಿಲ್ಲ. ಹೆಂಡತಿಗೂ ಹೇಳಿಲ್ಲ. ಒಂದು ವರ್ಷವಾಯಿತು, ಹೊಟ್ಟೆಯಲ್ಲಿ ಇಟ್ಟುಕೊಂಡು ಹೈರಾಣಾಗಿದ್ದೇನೆ.

ಕೊನೆಗೆ ತಡೆಯಲಾರದೆ ಬರೆದೆ. ಕನ್ನಡದಲ್ಲಿ ಬರೆದೆ, ಆಕೆ ಓದಲಾರರು ಅಂತ. ಹೆಸರು ಹಾಕಲಿಲ್ಲ, ಓದಿದವರು ಹೋಗಿ ಹೇಳಬಾರದು ಅಂತ. ನಿಮಗೆ ಗುರುತು ಹತ್ತಿದ್ದರೆ ನಿಮ್ಮ ಕಾಲಿಗೆ ಬೀಳುತ್ತೇನೆ, ಬಾಯಿ ಬಿಡಬೇಡಿ.

ಆವತ್ತು ನಾನು ಹೊರಡುವಾಗ ಅಕ್ಕಾವ್ರು ಚಹಾ ಕೊಟ್ಟು ಕೇಳಿದರು. "ಏಕಾದಶಿಗೆ ಬರೋವಾಗ ತಬಲಾ ತಗೊಂಡು ಬಾರೋ. ಪೆಟ್ಟಿಗಿ ಹಿಡಿಯಾಕ ನಮ್ಮ ಓಣಿ ಹುಡುಗಿಗೆ ಕಲಿಸು, ನೀ ತಬಲಾ ಬಾರಿಸು. ಅವ ಯಾಕ ಬಿಡಿಸಿದ್ನೋ ಏನೋ, ನನಗಂತೂ ನಿನ್ನ ತಬಲಾ ಇಲ್ದ ಏಳು ವರ್ಷ ಬಣಬಣ ಅನಸೇತಿ."

ಈ ಮಾತಿಗೆ ನಾನು ಏಳು ವರ್ಷ ಕಾದಿದ್ದೆ. ಈ ಮನೆಯಲ್ಲಿ ಯಾರಾದರೂ ಒಬ್ಬರು ಹೀಗೆ ಅನ್ನಲಿ ಅಂತ. ಲೋಟವನ್ನು ಕೆಳಗಿಟ್ಟೆ. ಪೆಟ್ಟಿಗೆ ಇನ್ನೊಬ್ಬರ ಕೈಗೆ ಹೋದರೆ ಟೇಪಿನ ಕೆಳಗಿನ ಗುಟ್ಟೂ ಹೋಗುತ್ತದೆ. ಆಕೆಯ ಮುಖ ನೋಡಲು ಆಗಲಿಲ್ಲ.

"ತಬಲಾ ಬ್ಯಾಡ್ರಿ ಅಕ್ಕಾರ" ಅಂದೆ. "ಪೆಟ್ಟಿಗ್ಯಾಗ ಐತಿ ತಬಲಾ."